ಲೆಕ್ಕ ನೋಡಿ ತೀರ್ಮಾನ ಮಾಡುವುದು ಹೇಗೆ? ಕರಾವಳಿಯ ಸಣ್ಣ ಸಂಸ್ಥೆಗಳಿಗೊಂದು ಮಾರ್ಗದರ್ಶಿ

ಸಹಕಾರಿ ಸಂಘದ ಕಾರ್ಯದರ್ಶಿಗಳು, ಹೋಟೆಲ್ ಮಾಲಕರು, ಶಾಲೆಯ ಆಡಳಿತ ನೋಡಿಕೊಳ್ಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ನಮ್ಮಲ್ಲಿ ಡೇಟಾ ಬೇಕಾದಷ್ಟು ಇದೆ. ಅದನ್ನು ಬಳಸಿಕೊಳ್ಳಲು ಯಾವ ಸಾಫ್ಟ್‌ವೇರ್ ತೆಗೆದುಕೊಳ್ಳಬೇಕು?" ಮಂಗಳೂರಿನವರೂ ಕೇಳುತ್ತಾರೆ, ಕುಂದಾಪುರದವರೂ ಕೇಳುತ್ತಾರೆ.

ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ನಿಮಗೆ ಮೊದಲು ಬೇಕಾದದ್ದು ಒಂದು ಪ್ರಶ್ನೆ. ಮುಂದಿನ ಎರಡು ಮೂರು ತಿಂಗಳಲ್ಲಿ ನಿಮ್ಮ ಸಂಸ್ಥೆ ತೆಗೆದುಕೊಳ್ಳಲೇಬೇಕಾದ ಒಂದು ತೀರ್ಮಾನ. ಅದನ್ನು ಇಟ್ಟುಕೊಳ್ಳದೆ ಡೇಟಾ ನೋಡಲು ಕೂತರೆ ಬಣ್ಣ ಬಣ್ಣದ ಚಾರ್ಟ್ ಸಿಗುತ್ತದೆ. ಎಲ್ಲರೂ ತಲೆಯಾಡಿಸುತ್ತಾರೆ. ಮರುದಿನ ಕೆಲಸ ಹಿಂದಿನಂತೆಯೇ ನಡೆಯುತ್ತದೆ.

ಲೆಕ್ಕ ಬರೆಯುವುದು ನಮ್ಮೂರಿಗೆ ಹೊಸತಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ ಕರಾವಳಿ ಇದು. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಎಂಬ ದಿನದ ಉಳಿತಾಯ ಯೋಜನೆ ಶುರು ಮಾಡಿದಾಗಿನಿಂದ ಏಜೆಂಟರು ದಿನಾ ಅಂಗಡಿ ಅಂಗಡಿಗೆ ಹೋಗಿ ಸಣ್ಣ ಸಣ್ಣ ಮೊತ್ತವನ್ನು ಬರೆದುಕೊಂಡು ಬಂದಿದ್ದಾರೆ. ಬರೆಯುವ ಅಭ್ಯಾಸ ನಮ್ಮಲ್ಲಿ ಚೆನ್ನಾಗಿದೆ. ಬರೆದದ್ದನ್ನು ತಿರುಗಿ ನೋಡಿ, ಅದರ ಪ್ರಕಾರ ನಡೆಯುವುದು ಕಡಿಮೆ. ಈ ಲೇಖನ ಇರುವುದು ಅದಕ್ಕಾಗಿ.

ಏನೇನು ಬೇಕು?

ಒಂದು ಕಂಪ್ಯೂಟರ್. ಅದರಲ್ಲಿ ಎಕ್ಸೆಲ್, ಅಥವಾ ದುಡ್ಡು ಕೊಡದೆ ಸಿಗುವ ಲಿಬ್ರೆಆಫೀಸ್ ಅಥವಾ ಗೂಗಲ್ ಶೀಟ್ಸ್. ನೀವು ಟ್ಯಾಲಿ ಬಳಸುತ್ತಿದ್ದರೆ ಅದರ ಲೆಕ್ಕವನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಬಹುದು. ಬಿಲ್ಲಿಂಗ್ ಮೆಷಿನ್, ಸಂಘದ ಕೋರ್ ಬ್ಯಾಂಕಿಂಗ್ ಸಾಫ್ಟ್‌ವೇರ್ ಹೆಚ್ಚಿನವುಗಳಲ್ಲಿಯೂ ಈ ಸೌಲಭ್ಯ ಇರುತ್ತದೆ. ಇಲ್ಲಿ ಹೇಳಿದ ಎಲ್ಲ ಕೆಲಸವೂ ಇಷ್ಟರಲ್ಲೇ ಆಗುತ್ತದೆ. ಒಂದೆರಡು ತೀರ್ಮಾನ ಹೀಗೆ ಮಾಡಿ ನೋಡಿದ ಮೇಲೆ, ಎಕ್ಸೆಲ್‌ನಲ್ಲಿ ಯಾವುದು ಕಷ್ಟವಾಯಿತು ಎಂದು ನಿಮಗೇ ತಿಳಿಯುತ್ತದೆ. ಸಾಫ್ಟ್‌ವೇರ್ ಮಾರುವವರನ್ನು ಆಗ ಕರೆಸಿ. ಆಗ ಪ್ರಶ್ನೆ ಕೇಳುವವರು ನೀವಾಗಿರುತ್ತೀರಿ.

ಇನ್ನೆರಡು ಬೇಕು, ಅವು ದುಡ್ಡಿಗೆ ಸಿಗುವುದಿಲ್ಲ. ವಾರಕ್ಕೆ ಎರಡು ಗಂಟೆ ಬೇರೆ ಕೆಲಸ ಬಿಟ್ಟು ಇದರಲ್ಲೇ ಕೂರಲು ಅನುಮತಿ ಇರುವ ಒಬ್ಬರು ಸಿಬ್ಬಂದಿ. ಜೊತೆಗೆ, ತೀರ್ಮಾನ ಮಾಡುವ ಅಧಿಕಾರ ಇರುವವರು ಮೊದಲ ದಿನದಿಂದಲೇ ಬಂದು ಕೂರುವುದು. ಕೊನೆಯಲ್ಲಿ ವರದಿ ಮಾತ್ರ ಅವರ ಕೈಗೆ ಕೊಟ್ಟರೆ ಪ್ರಯೋಜನ ಕಡಿಮೆ.

ಹಂತ 1: ಒಂದೇ ಒಂದು ತೀರ್ಮಾನ ಆರಿಸಿ

"ವ್ಯಾಪಾರ ಜಾಸ್ತಿ ಮಾಡಬೇಕು" ಎನ್ನುವುದು ಆಸೆ. "ರಾತ್ರಿ ಹತ್ತರ ನಂತರವೂ ಹೋಟೆಲ್ ತೆರೆದಿಡಬೇಕಾ?" ಎನ್ನುವುದು ತೀರ್ಮಾನ. "ವಸೂಲಿ ಸರಿ ಮಾಡಬೇಕು" ಎಂದರೆ ಯಾರೂ ಏನೂ ಮಾಡಲಾಗದು. "ಕಂತಿನ ದಿನಕ್ಕೆ ಮೂರು ದಿನ ಮೊದಲು ಸಾಲಗಾರರಿಗೆ ಫೋನ್ ಮಾಡಿ ನೆನಪಿಸಬೇಕಾ?" ಎಂದರೆ ಮಾಡಬಹುದು.

ಒಳ್ಳೆಯ ಪ್ರಶ್ನೆಗೆ ಮೂರು ಗುರುತು. ಉತ್ತರ ಹೌದು ಅಥವಾ ಬೇಡ ಎಂದು ಬರುತ್ತದೆ. ಉತ್ತರ ಬೇಕಾದ ತಾರೀಕು ಇರುತ್ತದೆ. ಉತ್ತರ ಬಂದ ಮೇಲೆ ಅದನ್ನು ಜಾರಿ ಮಾಡುವ ವ್ಯಕ್ತಿ ಯಾರೆಂದು ಗೊತ್ತಿರುತ್ತದೆ. ಮೊದಲ ಸಲ ಆದಷ್ಟು ಸಣ್ಣದನ್ನು, ತಪ್ಪಾದರೆ ಹಿಂದೆ ತೆಗೆದುಕೊಳ್ಳಬಹುದಾದ್ದನ್ನು ಹಿಡಿಯಿರಿ. ಹೊಸ ಶಾಖೆ ತೆರೆಯುವುದರಿಂದ ಶುರು ಮಾಡಬೇಡಿ.

ಎಚ್ಚರಿಕೆ: ಅಧ್ಯಕ್ಷರು ಈಗಾಗಲೇ ಜಾಗ ನೋಡಿ ಮುಂಗಡ ಕೊಟ್ಟಾಗಿದೆ ಎಂದಾದರೆ ಆ ವಿಷಯಕ್ಕೆ ಡೇಟಾ ತೆಗೆಯಲು ಹೋಗಬೇಡಿ. ಅಲ್ಲಿ ಸಂಖ್ಯೆಗಳು ಅಲಂಕಾರಕ್ಕೆ ಮಾತ್ರ ಬಳಕೆಯಾಗುತ್ತವೆ. ಲೆಕ್ಕ ತೆಗೆದ ಸಿಬ್ಬಂದಿಗೆ ಮುಂದಿನ ಸಲ ಉತ್ಸಾಹವೂ ಇರುವುದಿಲ್ಲ.

ಹಂತ 2: ಸಂಖ್ಯೆ ನೋಡುವ ಮೊದಲೇ ಗೆರೆ ಎಳೆಯಿರಿ

ಈ ಇಡೀ ಲೇಖನದಲ್ಲಿ ಒಂದನ್ನು ಮಾತ್ರ ಪಾಲಿಸುತ್ತೀರಾದರೆ ಇದನ್ನು ಪಾಲಿಸಿ. ಎಷ್ಟು ಬಂದರೆ ಹೌದು, ಎಷ್ಟು ಬಂದರೆ ಬೇಡ ಎಂಬುದನ್ನು ಲೆಕ್ಕ ತೆಗೆಯುವ ಮೊದಲೇ ಕಾಗದದಲ್ಲಿ ಬರೆದು, ಕೂತವರೆಲ್ಲ ಸಹಿ ಹಾಕಿ.

ಹೋಟೆಲಿನ ಉದಾಹರಣೆ ತೆಗೆದುಕೊಳ್ಳಿ. ಹೀಗೆ ಬರೆಯಬಹುದು: "ಹತ್ತರ ನಂತರದ ವ್ಯಾಪಾರದಲ್ಲಿ ಸಾಮಾನಿನ ಖರ್ಚು ಕಳೆದು ಉಳಿಯುವ ಹಣ, ಆ ಹೊತ್ತಿನ ಸಂಬಳ, ಗ್ಯಾಸ್ ಮತ್ತು ಕರೆಂಟಿನ ಖರ್ಚಿಗಿಂತ ಜಾಸ್ತಿ ಇಲ್ಲದಿದ್ದರೆ ಹತ್ತಕ್ಕೆ ಮುಚ್ಚುತ್ತೇವೆ." ಇಷ್ಟು ಬರೆಯದೆ ಲೆಕ್ಕ ನೋಡಿದರೆ ಏನಾಗುತ್ತದೆ? ತೆರೆದಿಡಬೇಕು ಎಂದು ಮೊದಲೇ ಮನಸ್ಸು ಮಾಡಿದವರಿಗೆ ಯಾವ ಸಂಖ್ಯೆ ಬಂದರೂ ಸಾಕಷ್ಟು ದೊಡ್ಡದಾಗಿ ಕಾಣುತ್ತದೆ. ಮುಚ್ಚಬೇಕು ಎನ್ನುವವರಿಗೆ ಅದೇ ಸಂಖ್ಯೆ ಸಣ್ಣದು. ಆಮೇಲೆ ಗೆಲ್ಲುವುದು ಜೋರು ಧ್ವನಿ.

ದುಡ್ಡಿನಲ್ಲಿ ಅಳೆಯಲು ಬಾರದ್ದನ್ನೂ ಅದೇ ಕಾಗದದಲ್ಲಿ ಬರೆಯಿರಿ. ಅಡುಗೆಯವರಿಗೆ ಊರಿಗೆ ಹೋಗುವ ಕೊನೆಯ ಬಸ್ಸು ತಪ್ಪುತ್ತದಾ? ಹಾಗಿದ್ದರೆ ಅದೂ ಲೆಕ್ಕಕ್ಕೆ ಬರಬೇಕು. ಇನ್ನೊಂದು ವಿಷಯ. ಹತ್ತಕ್ಕೆ ಮುಚ್ಚಿದರೆ ಹತ್ತರ ನಂತರದ ವ್ಯಾಪಾರವೆಲ್ಲ ಕೈತಪ್ಪುವುದಿಲ್ಲ. ಸ್ವಲ್ಪ ಜನ ಒಂಬತ್ತೂವರೆಗೇ ಬರುತ್ತಾರೆ. ಈ ಪಾಲನ್ನು ಅಂದಾಜು ಮಾಡದಿದ್ದರೆ ತಡರಾತ್ರಿಯ ವ್ಯಾಪಾರ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹಂತ 3: ಯಾವ ಪುಸ್ತಕದಲ್ಲಿ ಏನಿದೆ, ಏನಿಲ್ಲ

ಈಗ ನಿಮ್ಮಲ್ಲಿರುವ ಲೆಕ್ಕಗಳ ಪಟ್ಟಿ ಮಾಡಿ. ಕಂಪ್ಯೂಟರಿನಲ್ಲಿ ಇರುವುದು ಮಾತ್ರ ಸಾಲದು. ಸಾಲದ ಲೆಡ್ಜರ್, ಪಿಗ್ಮಿ ಏಜೆಂಟರ ಕಲೆಕ್ಷನ್ ಲೆಕ್ಕ, ಬಿಲ್ಲಿಂಗ್ ಮೆಷಿನ್, ಯುಪಿಐ ಸ್ಟೇಟ್‌ಮೆಂಟ್, ಗೋದಾಮಿನ ಸ್ಟಾಕ್ ಪುಸ್ತಕ, ಹಾಜರಿ ಪುಸ್ತಕ, ದೂರಿನ ಪುಸ್ತಕ, ಹಾಲಿನ ಸಂಘವಾದರೆ ಬೆಳಿಗ್ಗೆ ಸಂಜೆಯ ಹಾಲಿನ ಅಳತೆ ಮತ್ತು ಕೊಬ್ಬಿನ ಅಂಶ, ಎಲ್ಲವೂ ಬೇಕು. ಪ್ರತಿಯೊಂದರ ಎದುರು ಮೂರು ವಿಷಯ ಬರೆಯಿರಿ: ಯಾರು ಬರೆಯುತ್ತಾರೆ, ಯಾವಾಗ ಬರೆಯುತ್ತಾರೆ, ಯಾತಕ್ಕಾಗಿ ಬರೆಯುತ್ತಾರೆ.

"ಯಾವಾಗ" ಎನ್ನುವುದು ಸಣ್ಣ ಪ್ರಶ್ನೆ ಅನ್ನಿಸಬಹುದು. ಬಿಲ್ಲಿನಲ್ಲಿ ಇರುವ ಸಮಯವನ್ನೇ ನೋಡಿ. ಅದು ಗಿರಾಕಿ ಎದ್ದು ಹೋದ ಸಮಯ. ಹತ್ತು ಗಂಟೆ ಹತ್ತು ನಿಮಿಷಕ್ಕೆ ಬಿಲ್ ಆದವರು ಒಂಬತ್ತೂವರೆಗೆ ಬಂದು ಕೂತಿರಬಹುದು. ಹತ್ತಕ್ಕೆ ಬಾಗಿಲು ಹಾಕಿದರೂ ಅವರ ವ್ಯಾಪಾರ ಹೋಗುವುದಿಲ್ಲ. ಅಡುಗೆಮನೆಗೆ ಆರ್ಡರ್ ಹೋದ ಸಮಯ, ಅಂದರೆ ಕೆಒಟಿ ಚೀಟಿಯ ಸಮಯ ತೆಗೆದರೆ ಉತ್ತರವೇ ಬದಲಾಗಬಹುದು.

ಪುಸ್ತಕದಲ್ಲಿ ಇಲ್ಲದ್ದು ಇನ್ನೂ ಮುಖ್ಯ. ದಿನಾ 80 ಬನ್ಸ್ ಮಾರಾಟವಾಗಿದೆ ಎಂದು ಲೆಕ್ಕ ಹೇಳುತ್ತದೆ. ಬೇಡಿಕೆ ಎಂಬತ್ತೇ ಎಂದು ತಿಳಿಯಬೇಡಿ. ಮಾಡಿದ್ದೇ 80 ಇರಬಹುದು. ಎಂಟೂವರೆಗೆ "ಬನ್ಸ್ ಖಾಲಿ" ಎಂದು ಕೇಳಿ ವಾಪಸ್ಸು ಹೋದವರ ಲೆಕ್ಕ ಯಾವ ಮೆಷಿನ್‌ನಲ್ಲಿಯೂ ಇಲ್ಲ. ಸಾಲ ಕೇಳಿ ಸಿಗದೆ ಹೋದವರು, ಸೀಟು ವಿಚಾರಿಸಿ ಬೇರೆ ಶಾಲೆಗೆ ಸೇರಿದವರು, ಎಲ್ಲರೂ ಹಾಗೆಯೇ. ಇಂಥ ಕಡೆ ಎರಡು ವಾರ ಒಂದು ನೋಟ್‌ಬುಕ್ ಇಟ್ಟು ಗೀಟು ಹಾಕಿಸಿ. ಖಾಲಿಯಾದ ಸಮಯ ಬರೆಸಿದರೂ ಸಾಕು.

ಸಾಲದ ಲೆಕ್ಕದವರಿಗೆ ಒಂದು ಸಲಹೆ. ಎನ್‌ಪಿಎ, ಅಂದರೆ 90 ದಿನ ದಾಟಿದರೂ ಕಂತು ಬಾರದ ಸಾಲ, ನಿಮಗೆ ತಡವಾಗಿ ತಿಳಿಯುವ ಸುದ್ದಿ. ಅದೇ ಸದಸ್ಯರ ಪಿಗ್ಮಿ ಖಾತೆ ತೆಗೆದು ನೋಡಿ. ದಿನಾ ಕಟ್ಟುತ್ತಿದ್ದ ಅಂಗಡಿಯವರು ವಾರಕ್ಕೆರಡು ದಿನ ತಪ್ಪಿಸಲು ಶುರು ಮಾಡಿದ್ದು ಯಾವಾಗ? ಹಳೆಯ ಸುಸ್ತಿದಾರರ ಪಿಗ್ಮಿಯನ್ನು ಹೀಗೆ ಹಿಂದಕ್ಕೆ ಹೋಗಿ ನೋಡಿದರೆ ಮೊದಲೇ ಸೂಚನೆ ಇತ್ತೇ ಎಂದು ಗೊತ್ತಾಗುತ್ತದೆ. ಇದ್ದರೆ, ಇನ್ನು ಮುಂದೆ ಆ ಸೂಚನೆ ಕಂಡಾಗಲೇ ಹೋಗಿ ಮಾತಾಡಬಹುದು. ಕಷ್ಟದಲ್ಲಿರುವವರ ಜೊತೆ ನೋಟಿಸ್ ಕಳಿಸುವ ಮೊದಲು ಮಾತಾಡುವುದು ಇಬ್ಬರಿಗೂ ಒಳ್ಳೆಯದು ಅಲ್ವಾ?

ಹಂತ 4: ಲೆಕ್ಕ ಶುಚಿ ಮಾಡಿ

ಬೇಸರದ ಕೆಲಸ, ಆದರೆ ಹೆಚ್ಚಿನ ತಪ್ಪು ತೀರ್ಮಾನಗಳು ಇಲ್ಲಿಂದಲೇ ಹುಟ್ಟುತ್ತವೆ. ಮೊದಲು ಮೂಲ ಫೈಲಿನ ಒಂದು ಪ್ರತಿ ತೆಗೆದಿಡಿ. ತಿದ್ದುವುದೆಲ್ಲ ಪ್ರತಿಯಲ್ಲಿ. ಆಮೇಲೆ ಇವನ್ನು ನೋಡಿ:

ತಾರೀಕು. 05/06/2025 ಎಂದರೆ ನಮಗೆ ಜೂನ್ 5. ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಿಗೆ ಮೇ 6. ಒಂದೇ ಕಾಲಂನಲ್ಲಿ ಕೆಲವು ತಾರೀಕು ಎಡಕ್ಕೆ, ಕೆಲವು ಬಲಕ್ಕೆ ಅಂಟಿಕೊಂಡಿದ್ದರೆ ಈ ತೊಂದರೆ ಇರಬಹುದು. ಎಡಕ್ಕೆ ಇರುವುದನ್ನು ಎಕ್ಸೆಲ್ ತಾರೀಕು ಎಂದೇ ಗುರುತಿಸಿಲ್ಲ.

ಖಾತೆ ನಂಬರ್. ಎಕ್ಸೆಲ್ 15 ಅಂಕೆಗಳವರೆಗೆ ಮಾತ್ರ ಸರಿಯಾಗಿ ಹಿಡಿದಿಡುತ್ತದೆ. 16 ಅಂಕೆಯ ಖಾತೆ ನಂಬರ್ ಹಾಕಿದರೆ ಕೊನೆಯ ಅಂಕೆ ಸೊನ್ನೆಯಾಗುತ್ತದೆ. ನಂಬರಿನ ಶುರುವಿನಲ್ಲಿರುವ ಸೊನ್ನೆಗಳೂ ಹಾರಿಹೋಗುತ್ತವೆ. ಹಾಗಾಗಿ ನಂಬರ್ ತುಂಬಿಸುವ ಮೊದಲೇ ಆ ಕಾಲಂ ಅನ್ನು "ಟೆಕ್ಸ್ಟ್" ಎಂದು ಬದಲಿಸಿ. ಆಮೇಲೆ ಬದಲಿಸಿದರೆ ಹೋದ ಅಂಕೆ ವಾಪಸ್ಸು ಬರುವುದಿಲ್ಲ.

ಹೆಸರು. ಪೂಜಾರಿ ಎಂಬುದನ್ನು ಇಂಗ್ಲಿಷಿನಲ್ಲಿ ಮೂರು ನಾಲ್ಕು ಥರ ಬರೆಯುತ್ತಾರೆ. ಭಟ್, ಶೆಟ್ಟಿ, ಡಿಸೋಜ ಕೂಡ ಅಷ್ಟೆ. ಒಂದೇ ಹೆಸರಿನ ಐದು ಮಂದಿ ಒಂದೇ ಗ್ರಾಮದಲ್ಲಿ ಇರುತ್ತಾರೆ. ಮೊಬೈಲ್ ನಂಬರಿನಿಂದ ಗುರುತಿಸೋಣ ಎಂದರೆ ಒಂದು ಮನೆಯ ನಾಲ್ಕು ಸದಸ್ಯರಿಗೆ ಮುಂಬೈಯಲ್ಲಿರುವ ಮಗನ ಒಂದೇ ನಂಬರ್ ಕೊಟ್ಟಿರುತ್ತಾರೆ. ಸದಸ್ಯತ್ವ ಸಂಖ್ಯೆಯೊಂದೇ ನಂಬಿಕೆಗೆ ಯೋಗ್ಯ. ಊರಿನ ಹೆಸರೂ ಹಾಗೆಯೇ. 2014ರ ನವೆಂಬರ್ 1ರಂದು ಇಂಗ್ಲಿಷಿನ ಅಧಿಕೃತ ಹೆಸರು ಮ್ಯಾಂಗಲೋರ್‌ನಿಂದ ಮಂಗಳೂರು ಎಂದು ಬದಲಾದ ಮೇಲೆ ಮಂಗಳೂರು ನಿಮ್ಮ ಫೈಲಿನಲ್ಲಿ ಎರಡು ಊರಾಗಿ ಕೂತಿರುವ ಸಾಧ್ಯತೆ ಇದೆ.

ಹಳೆಯ ಕನ್ನಡ ಫಾಂಟ್. ಹಿಂದೆ "ನುಡಿ" ಅಥವಾ "ಬರಹ" ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರುಗಳು ಈಗ ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲೂ ಬರುವುದಿಲ್ಲ. ಅವನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಬೇಕು. ಯುನಿಕೋಡ್ ಅಂದರೆ ಎಲ್ಲ ಫೋನು, ಕಂಪ್ಯೂಟರಿನಲ್ಲಿ ಒಂದೇ ರೀತಿ ಓದಬಹುದಾದ ಅಕ್ಷರ ವ್ಯವಸ್ಥೆ.

ಖಾಲಿ ಮತ್ತು ಸೊನ್ನೆ. ಅಂಗಡಿ ಮುಚ್ಚಿದ್ದ ದಿನ ಖಾಲಿ ಬಿಡಿ. ತೆರೆದಿದ್ದೂ ವ್ಯಾಪಾರವಾಗದ ದಿನಕ್ಕೆ ಸೊನ್ನೆ ಹಾಕಿ. ಎರಡನ್ನೂ ಬೆರೆಸಿದರೆ ಸರಾಸರಿ ಸುಳ್ಳಾಗುತ್ತದೆ.

ಹಂತ 5: ಸರಿಯಾದದ್ದರ ಜೊತೆ ಹೋಲಿಸಿ

ಒಂದು ಸಂಖ್ಯೆ ಒಂಟಿಯಾಗಿ ಏನೂ ಹೇಳುವುದಿಲ್ಲ. ಯಾವುದರ ಜೊತೆ ಹೋಲಿಸುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಹೊರಗಿನಿಂದ ಬಂದ ಸಲಹೆಗಾರರು ನಮ್ಮಲ್ಲಿ ಎಡವುವುದು ಇಲ್ಲಿಯೇ. ನಮ್ಮ ವರ್ಷ ಅವರ ವರ್ಷದಂತೆ ಇರುವುದಿಲ್ಲ.

ಮಳೆಗಾಲವನ್ನು ನೋಡಿ. ಕರಾವಳಿಗೆ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಮಲ್ಪೆಯಲ್ಲಿ, ಮಂಗಳೂರಿನ ಧಕ್ಕೆಯಲ್ಲಿ ಐಸ್ ಪ್ಲಾಂಟಿನಿಂದ ಹಿಡಿದು ಚಹಾದ ಅಂಗಡಿಯವರೆಗೆ ಎಲ್ಲರ ವ್ಯಾಪಾರವೂ ಇಳಿಯುತ್ತದೆ. ಜುಲೈ ಮಧ್ಯದಿಂದ ತುಳುವರ ಆಟಿ ತಿಂಗಳು. ಮದುವೆ ಇಲ್ಲ. ಬಟ್ಟೆ, ಚಿನ್ನ, ಸಭಾಂಗಣ, ಕೇಟರಿಂಗ್ ಎಲ್ಲ ತಣ್ಣಗೆ. ಜುಲೈಯನ್ನು ಮೇ ಜೊತೆ ಹೋಲಿಸಿ ಮಾರಾಟದವರನ್ನು ಬೈಯುವುದು ಅನ್ಯಾಯ. ಆಗಸ್ಟಿನ ಕೊನೆಯಲ್ಲಿ ವ್ಯಾಪಾರ ಏರಿದ್ದಕ್ಕೆ ಹೊಸ ಮ್ಯಾನೇಜರಿಗೆ ಶಾಲು ಹೊದೆಸುವುದೂ ಸರಿಯಲ್ಲ.

ಹಾಗಾದರೆ ಕಳೆದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿದರೆ ಆಯಿತಲ್ಲ? ಅಷ್ಟಕ್ಕೇ ಮುಗಿಯುವುದಿಲ್ಲ. ನಮ್ಮ ಹಬ್ಬಗಳು ತಿಂಗಳು ದಾಟುತ್ತವೆ. ಚೌತಿ 2023ರಲ್ಲಿ ಸೆಪ್ಟೆಂಬರ್ ಮಧ್ಯ ಕಳೆದು ಬಂದಿತ್ತು, 2024ರಲ್ಲಿ ಸೆಪ್ಟೆಂಬರ್ 7ಕ್ಕೆ, 2025ರಲ್ಲಿ ಆಗಸ್ಟ್ 27ಕ್ಕೆ. 2024 ಮತ್ತು 2025ರ ಸೆಪ್ಟೆಂಬರ್ ಲೆಕ್ಕ ಪಕ್ಕ ಪಕ್ಕ ಇಟ್ಟರೆ ಹೂವಿನವರಿಗೂ ಸಿಹಿತಿಂಡಿಯವರಿಗೂ ವ್ಯಾಪಾರ ಕುಸಿದಂತೆ ಕಾಣುತ್ತದೆ. ಹಬ್ಬದ ಹಿಂದಿನ ಹತ್ತು ದಿನವನ್ನು ಹಬ್ಬದ ಹಿಂದಿನ ಹತ್ತು ದಿನದ ಜೊತೆಗೇ ಹೋಲಿಸಬೇಕು. ಉಡುಪಿಯ ಹೋಟೆಲ್, ಲಾಡ್ಜಿನವರಿಗೆ ಇನ್ನೊಂದು ಸುತ್ತು ಇದೆ. ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ದಾಟುವ ಪರ್ಯಾಯ ಉತ್ಸವ ಎರಡು ವರ್ಷಕ್ಕೊಮ್ಮೆ, ಜನವರಿ 18ರಂದು. 2026ರ ಜನವರಿಯನ್ನು 2025ರ ಜೊತೆ ಹೋಲಿಸಿದರೆ ಏನೂ ತಿಳಿಯದು, 2024ರ ಜೊತೆ ಹೋಲಿಸಿ. 2020 ಮತ್ತು 2021 ಕೊರೊನಾ ವರ್ಷಗಳು. ಅವನ್ನು ಹೋಲಿಕೆಗೆ ತೆಗೆದುಕೊಳ್ಳಬೇಡಿ.

ಇದಕ್ಕೆ ಸುಲಭದ ಉಪಾಯ ಒಂದಿದೆ. ದಿನದ ಲೆಕ್ಕದ ಪಕ್ಕದಲ್ಲಿ "ಟಿಪ್ಪಣಿ" ಎಂಬ ಕಾಲಂ ಮಾಡಿ. ಮಳೆಗೆ ಶಾಲೆಗೆ ರಜೆ, ಶಿರಾಡಿ ಘಾಟಿ ಬಂದ್, ಊರ ಕೋಲ, ರಥೋತ್ಸವ, ಕರೆಂಟ್ ಇಲ್ಲ, ಅಡುಗೆಯವರು ರಜೆ. ಎರಡು ಪದ ಸಾಕು. ಇಂದೇ ಶುರು ಮಾಡಿದರೆ ಮುಂದಿನ ವರ್ಷ ಇದೇ ನಿಮ್ಮ ಅತಿ ಬೆಲೆಬಾಳುವ ಕಾಲಂ ಆಗುತ್ತದೆ.

ರೂಪಾಯಿಯನ್ನು ಮಾತ್ರ ನೋಡಬೇಡಿ. ಕಳೆದ ವರ್ಷ 60 ರೂಪಾಯಿಯಂತೆ 1,000 ಮಸಾಲೆದೋಸೆ ಮಾರಿದ್ದೀರಿ ಎಂದಿಟ್ಟುಕೊಳ್ಳಿ, 60,000 ರೂಪಾಯಿ. ಈ ವರ್ಷ 70ರಂತೆ 900, ಅಂದರೆ 63,000. ಹಣ ಶೇ. 5 ಏರಿದೆ. ದೋಸೆ ಶೇ. 10 ಇಳಿದಿದೆ. ಗಿರಾಕಿಗಳು ಕಡಿಮೆಯಾಗುತ್ತಿರುವುದನ್ನು ಬೆಲೆ ಏರಿಕೆ ಮುಚ್ಚಿಟ್ಟಿದೆ.

ಸರಾಸರಿಯ ಬಗ್ಗೆಯೂ ಜಾಗ್ರತೆ. ಹತ್ತು ಸದಸ್ಯರಲ್ಲಿ ಒಂಬತ್ತು ಮಂದಿಯ ಠೇವಣಿ ತಲಾ 10,000, ಒಬ್ಬರದು 9,10,000 ಆದರೆ ಸರಾಸರಿ ಒಂದು ಲಕ್ಷ ಬರುತ್ತದೆ. ಲಕ್ಷದ ಠೇವಣಿ ಇರುವವರು ಅಲ್ಲಿ ಒಬ್ಬರೂ ಇಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಡುವಿನವರ ಮೊತ್ತ ನೋಡಿದರೆ 10,000. ಇದಕ್ಕೆ ಮಧ್ಯಾಂಕ ಎನ್ನುತ್ತಾರೆ, ಎಕ್ಸೆಲ್‌ನಲ್ಲಿ "ಮೀಡಿಯನ್". ದುಡ್ಡಿನ ಲೆಕ್ಕದಲ್ಲಿ ಎರಡನ್ನೂ ತೆಗೆದು ನೋಡಿ. ಎರಡೂ ದೂರ ದೂರ ಇದ್ದರೆ ಕೆಲವೇ ಮಂದಿ ಮೊತ್ತವನ್ನು ಎಳೆಯುತ್ತಿದ್ದಾರೆ ಎಂದರ್ಥ.

ಇನ್ನು ದಿನನಿತ್ಯದ ಏರಿಳಿತ. ನಿನ್ನೆಗಿಂತ ಇವತ್ತು ಕಡಿಮೆ ಎಂದು ಮೀಟಿಂಗ್ ಕರೆಯಬೇಡಿ. ಯಾವ ಕಾರಣವೂ ಇಲ್ಲದೆ ಸಂಖ್ಯೆಗಳು ಸ್ವಲ್ಪ ಮೇಲೆ ಕೆಳಗೆ ಆಗುತ್ತಲೇ ಇರುತ್ತವೆ. ಮಾಮೂಲಿ ಏರಿಳಿತವನ್ನೂ ನಿಜವಾದ ಬದಲಾವಣೆಯನ್ನೂ ಬೇರೆ ಮಾಡಿ ತೋರಿಸುವ ಚಾರ್ಟನ್ನು ಅಮೆರಿಕದ ವಾಲ್ಟರ್ ಶ್ಯೂಹಾರ್ಟ್ 1924ರಲ್ಲೇ ಕಾರ್ಖಾನೆಗಳಿಗಾಗಿ ರೂಪಿಸಿದ್ದರು. ಅಷ್ಟು ಗಣಿತ ಬೇಡ ಎನ್ನುವವರು ಹೀಗೆ ಮಾಡಿ: ಕಳೆದ ಇಪ್ಪತ್ತು ಸೋಮವಾರಗಳ ವ್ಯಾಪಾರ ಬರೆಯಿರಿ. ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ನಡುವೆ ಈ ಸೋಮವಾರ ಬಿದ್ದಿದ್ದರೆ ಸುಮ್ನೆ ಬಿಡಿ. ಹೊರಗೆ ಬಿದ್ದರೆ, ಅಥವಾ ಸತತ ಏಳೆಂಟು ವಾರ ಆ ಇಪ್ಪತ್ತರ ಮಧ್ಯಾಂಕದ ಒಂದೇ ಕಡೆ ಇದ್ದರೆ ಕಾರಣ ಹುಡುಕಿ.

ಹಂತ 6: ಒಟ್ಟು ಮೊತ್ತವನ್ನು ಒಡೆದು ನೋಡಿ

ಒಟ್ಟು ಲೆಕ್ಕ ಕೆಲವೊಮ್ಮೆ ತಿರುಗುಮುರುಗಾದ ಚಿತ್ರ ಕೊಡುತ್ತದೆ. ಉದಾಹರಣೆಗೆಂದು ಕೆಲವು ಸಂಖ್ಯೆ ಹಿಡಿದು ತೋರಿಸುತ್ತೇನೆ. ಒಂದು ಸಂಘಕ್ಕೆ ಪೇಟೆಯಲ್ಲೊಂದು, ಹಳ್ಳಿಯಲ್ಲೊಂದು ಶಾಖೆ. ಎರಡರಲ್ಲೂ 500 ಸಾಲ. ಪೇಟೆ ಶಾಖೆಯಲ್ಲಿ 450 ಸಾಲದ ಕಂತು ಸಮಯಕ್ಕೆ ಬಂದಿದೆ, ಶೇ. 90. ಹಳ್ಳಿ ಶಾಖೆಯಲ್ಲಿ 397, ಶೇ. 79. ಮಹಾಸಭೆಯಲ್ಲಿ ಹಳ್ಳಿ ಶಾಖೆಯ ಮ್ಯಾನೇಜರ್ ತಲೆ ತಗ್ಗಿಸಬೇಕಾಗುತ್ತದೆ.

ಈಗ ಸಾಲದ ಬಗೆ ನೋಡಿ ಒಡೆಯೋಣ.

ಪೇಟೆ ಶಾಖೆ: ಚಿನ್ನಾಭರಣ ಸಾಲ 400, ಸಮಯಕ್ಕೆ ಬಂದದ್ದು 380, ಶೇ. 95. ಇತರ ಸಾಲ 100, ಬಂದದ್ದು 70, ಶೇ. 70.

ಹಳ್ಳಿ ಶಾಖೆ: ಚಿನ್ನಾಭರಣ ಸಾಲ 100, ಬಂದದ್ದು 97, ಶೇ. 97. ಇತರ ಸಾಲ 400, ಬಂದದ್ದು 300, ಶೇ. 75.

ಎರಡೂ ಬಗೆಯಲ್ಲಿ ಹಳ್ಳಿ ಶಾಖೆಯೇ ಮುಂದೆ. ಒಟ್ಟಿನಲ್ಲಿ ಮಾತ್ರ ಹಿಂದೆ. ಕಾರಣ, ಅವರು ಕೊಟ್ಟದ್ದು ಹೆಚ್ಚಾಗಿ ವಸೂಲಿ ಕಷ್ಟವಾದ ಸಾಲ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸಿಂಪ್ಸನ್ ವಿರೋಧಾಭಾಸ ಎನ್ನುತ್ತಾರೆ. ಹೆಸರು ನೆನಪಿರದಿದ್ದರೆ ತೊಂದರೆಯಿಲ್ಲ. ಶಾಖೆ ಶಾಖೆಯನ್ನು, ಶಿಕ್ಷಕರು ಶಿಕ್ಷಕರನ್ನು, ಬೋಟು ಬೋಟನ್ನು ಹೋಲಿಸುವ ಮೊದಲು "ಇಬ್ಬರಿಗೂ ಸಿಕ್ಕಿದ ಕೆಲಸ ಒಂದೇ ಥರದ್ದಾ?" ಎಂದು ಕೇಳಿ. ಈ ಪ್ರಶ್ನೆ ಕೇಳದೆ ಒಬ್ಬರ ಬಡ್ತಿ, ವರ್ಗಾವಣೆ ನಿರ್ಧರಿಸುವುದು ದೊಡ್ಡ ತಪ್ಪು. ಒಡೆದು ನೋಡಲು ಎಕ್ಸೆಲ್‌ನ ಪಿವಟ್ ಟೇಬಲ್ ಸಾಕು. ಉದ್ದದ ಪಟ್ಟಿಯನ್ನು ಶಾಖೆವಾರು, ತಿಂಗಳುವಾರು, ಬಗೆವಾರು ಕೂಡಿ ಕೊಡುವ ಸೌಲಭ್ಯ ಅದು. ಒಂದು ಮಧ್ಯಾಹ್ನ ಕೂತರೆ ಕಲಿಯಬಹುದು.

ಎಚ್ಚರಿಕೆ: ಒಡೆಯುತ್ತಾ ಹೋಗಿ ಕೊನೆಗೆ ನಾಲ್ಕೈದು ಮಂದಿಯ ಗುಂಪಿಗೆ ಬಂದರೆ ಶೇಕಡಾವಾರು ಹೇಳಬೇಡಿ. ನಾಲ್ಕರಲ್ಲಿ ಒಬ್ಬರು ಹೆಚ್ಚಾದರೆ "ಶೇ. 25 ಏರಿಕೆ" ಎಂದಾಗುತ್ತದೆ. ತಲೆ ಎಣಿಕೆಯನ್ನೇ ಹೇಳಿ.

ಹಂತ 7: ಕೌಂಟರಿನಲ್ಲಿ ಕೂತವರನ್ನು ಕೇಳಿ

ಲೆಕ್ಕ ಏನಾಯಿತು ಎಂದು ಹೇಳುತ್ತದೆ. ಯಾಕಾಯಿತು ಎಂದು ಹೆಚ್ಚಾಗಿ ಹೇಳುವುದು ಹೋಟೆಲಿನಲ್ಲಿ ಬಡಿಸುವ ಸಪ್ಲಯರ್, ಪಿಗ್ಮಿ ಏಜೆಂಟ್, ಬೋಟು ನಡೆಸುವ ತಾಂಡೇಲ, ಹಾಲು ಅಳೆಯುವವರು. ಅವರ ಎದುರು ಸಂಖ್ಯೆ ಇಟ್ಟು, "ಇದು ನಿಮಗೆ ಸರಿ ಕಾಣುತ್ತದಾ?" ಎಂದು ಕೇಳಿ. "ಇಲ್ಲ ಮಾರಾಯ್ರೇ, ಆ ತಿಂಗಳು ಮೆಷಿನ್ ಹಾಳಾಗಿ ಕೈಯಲ್ಲಿ ಬಿಲ್ ಬರೆದದ್ದು" ಎಂಬ ಒಂದು ಮಾತು ಇಡೀ ವಿಶ್ಲೇಷಣೆಯನ್ನು ಉಳಿಸುತ್ತದೆ. ಅವರ ಅನುಭವವೂ ಲೆಕ್ಕವೂ ಒಪ್ಪದಿದ್ದರೆ ತೀರ್ಮಾನವನ್ನು ಒಂದು ವಾರ ಮುಂದೆ ಹಾಕಿ, ಎರಡರಲ್ಲಿ ಯಾವುದು ತಪ್ಪು ಎಂದು ಹುಡುಕಿ.

ಹಂತ 8: ಸಾಧ್ಯವಾದರೆ ಸಣ್ಣದಾಗಿ ಮಾಡಿ ನೋಡಿ

ಹಳೆಯ ಲೆಕ್ಕದಿಂದ ಎಲ್ಲದಕ್ಕೂ ಉತ್ತರ ಸಿಗುವುದಿಲ್ಲ. ಫೋನ್ ಮಾಡಿ ನೆನಪಿಸಿದರೆ ಕಂತು ಸಮಯಕ್ಕೆ ಬರುತ್ತದಾ ಎಂಬುದನ್ನು ಫೋನ್ ಮಾಡಿಯೇ ನೋಡಬೇಕು. ಆದರೆ ಎಲ್ಲರಿಗೂ ಮಾಡಿದರೆ, ವಸೂಲಿ ಏರಿದ್ದು ಫೋನಿನಿಂದಲೋ ಅಡಿಕೆಗೆ ಒಳ್ಳೆಯ ಧಾರಣೆ ಬಂದದ್ದರಿಂದಲೋ ಗೊತ್ತಾಗುವುದಿಲ್ಲ.

ಹೀಗೆ ಮಾಡಿ. ಸದಸ್ಯತ್ವ ಸಂಖ್ಯೆ ಸಮ ಇರುವವರಿಗೆ ಮಾತ್ರ ಫೋನ್ ಮಾಡಿ, ಬೆಸ ಇರುವವರನ್ನು ಮೊದಲಿನಂತೆಯೇ ಬಿಡಿ. ಧಾರಣೆ, ಮಳೆ, ಹಬ್ಬ ಎರಡೂ ಗುಂಪಿಗೆ ಒಂದೇ. ವ್ಯತ್ಯಾಸ ಬಂದರೆ ಅದಕ್ಕೆ ಫೋನ್ ಕಾರಣವಾಗಿರುವ ಸಾಧ್ಯತೆ ಹೆಚ್ಚು. "ಮೊದಲು ಒಳ್ಳೆಯ ಸದಸ್ಯರಿಗೆ ಮಾಡೋಣ" ಎಂದು ಆರಿಸಿದರೆ ಪ್ರಯೋಗ ಕೆಟ್ಟಿತು. ಅವರು ಫೋನ್ ಇಲ್ಲದೆಯೂ ಕಟ್ಟುವವರು.

ಫಲಿತಾಂಶ ಓದುವಾಗ ಅವಸರ ಬೇಡ. ಎರಡೂ ಕಡೆ ತಲಾ 200 ಮಂದಿ ಇದ್ದು, ಒಂದು ಕಡೆ 160, ಇನ್ನೊಂದು ಕಡೆ 150 ಮಂದಿ ಸಮಯಕ್ಕೆ ಕಟ್ಟಿದರೆ, ಆ ಹತ್ತರ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. ಇನ್ನೆರಡು ತಿಂಗಳು ಮುಂದುವರಿಸಿ. ಪ್ರತಿ ತಿಂಗಳೂ ಅದೇ ಕಡೆ ಮುಂದೆ ಇದ್ದರೆ ನಂಬಬಹುದು.

ಎರಡು ಹೋಟೆಲ್ ಇರುವವರು ಒಂದರಲ್ಲಿ ಮಾತ್ರ ಸಮಯ ಬದಲಿಸಿ ಇನ್ನೊಂದರ ಜೊತೆ ಹೋಲಿಸಬಹುದು. ಆದರೆ ಮಣಿಪಾಲದ ಹೋಟೆಲನ್ನು ಉಡುಪಿ ರಥಬೀದಿಯ ಹೋಟೆಲಿಗೆ ಹೋಲಿಸಬೇಡಿ. ಒಂದು ಕಾಲೇಜಿನ ರಜೆಗೆ ತಕ್ಕಂತೆ ಏರಿಳಿಯುತ್ತದೆ, ಇನ್ನೊಂದು ಯಾತ್ರಿಕರಿಗೆ ತಕ್ಕಂತೆ.

ಹಂತ 9: ನಡಾವಳಿಯಲ್ಲಿ ಬರೆಯಿರಿ

ತೀರ್ಮಾನ ಆದ ದಿನ ನಡಾವಳಿ ಪುಸ್ತಕದಲ್ಲಿ ಐದು ಸಾಲು: ಏನು ತೀರ್ಮಾನಿಸಿದೆವು, ಯಾವ ಸಂಖ್ಯೆ ನೋಡಿ, ಏನಾಗುತ್ತದೆ ಎಂದು ನಿರೀಕ್ಷೆ, ಯಾರ ಜವಾಬ್ದಾರಿ, ಯಾವ ತಾರೀಕಿಗೆ ಮತ್ತೆ ನೋಡುತ್ತೇವೆ. ನಿರೀಕ್ಷೆ ಬರೆಯುವುದನ್ನು ತಪ್ಪಿಸಬೇಡಿ. ಆರು ತಿಂಗಳ ಮೇಲೆ ಎಲ್ಲರೂ "ನಾನು ಆಗಲೇ ಹೇಳಿದ್ದೆ" ಎನ್ನುತ್ತಾರೆ. ಬರೆದದ್ದು ಮಾತ್ರ ಸಾಕ್ಷಿ.

ನಿರ್ದೇಶಕರ ಸಭೆಗೆ ಒಂದೇ ಪುಟ ಕೊಡಿ. ಮೇಲೆ ಪ್ರಶ್ನೆ, ಕೆಳಗೆ ಹೆಚ್ಚೆಂದರೆ ಮೂರು ಸಂಖ್ಯೆ, ಪ್ರತಿಯೊಂದರ ಪಕ್ಕ ಹೋಲಿಕೆ, ಕೊನೆಯಲ್ಲಿ ನಿಮ್ಮ ಶಿಫಾರಸು. ನಲವತ್ತು ಪುಟದ ವರದಿಯನ್ನು ಯಾರೂ ಓದುವುದಿಲ್ಲ.

ಎರಡು ವಿಷಯದಲ್ಲಿ ವಿಶೇಷ ಜಾಗ್ರತೆ

ಮೊದಲನೆಯದು, ಸಂಖ್ಯೆಯನ್ನು ಟಾರ್ಗೆಟ್ ಮಾಡುವುದು. ಒಂದು ಅಳತೆಯ ಮೇಲೆ ಸಂಬಳ, ಬೋನಸ್ ನಿಂತರೆ ಆ ಅಳತೆ ಕೆಡುತ್ತದೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಇದನ್ನು ಗುರುತಿಸಿದರು. ನಮ್ಮಲ್ಲಿ ಇದು ಹೇಗೆ ಕಾಣಿಸಬಹುದು? ಮಾರ್ಚ್ 31ರ ಒಳಗೆ ವಸೂಲಿ ತೋರಿಸಲೇಬೇಕು ಎಂದರೆ, ಹೊಸ ಸಾಲ ಕೊಟ್ಟು ಹಳೆಯ ಸಾಲ ತೀರಿಸಿದಂತೆ ಬರೆಯುವ ಆಸೆ ಹುಟ್ಟುತ್ತದೆ. ಪುಸ್ತಕ ಚಂದ ಕಾಣುತ್ತದೆ, ಹಣ ಬಂದಿರುವುದಿಲ್ಲ. ಹಾಗಾಗಿ ವಸೂಲಿಯ ಜೊತೆಗೆ, ಅದೇ ವಾರ ಅದೇ ಸದಸ್ಯರಿಗೆ ಕೊಟ್ಟ ಹೊಸ ಸಾಲವನ್ನೂ ಪಕ್ಕದಲ್ಲಿಟ್ಟು ನೋಡಿ. ತಪ್ಪನ್ನು ಪ್ರಾಮಾಣಿಕವಾಗಿ ಬರೆದ ಸಿಬ್ಬಂದಿಗೆ ಎಲ್ಲರೆದುರು ಬೈಯಬೇಡಿ. ಒಮ್ಮೆ ಬೈದರೆ ಮುಂದೆ ನಿಮಗೆ ನಿಜವಾದ ಲೆಕ್ಕ ಸಿಗುವುದಿಲ್ಲ.

ಎರಡನೆಯದು, ಜನರ ವೈಯಕ್ತಿಕ ಮಾಹಿತಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಕಾಗದದಲ್ಲಿ ಪಡೆದು ಆಮೇಲೆ ಕಂಪ್ಯೂಟರಿಗೆ ಹಾಕಿದ ಮಾಹಿತಿಗೂ ಅದು ಅನ್ವಯಿಸುತ್ತದೆ. ಮಾಹಿತಿಯನ್ನು ಸರಿಯಾಗಿ ಕಾಪಾಡದೆ ಸೋರಿಕೆಯಾದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕುವ ಅವಕಾಶ ಕಾಯ್ದೆಯಲ್ಲಿದೆ. ದಂಡದ ಮಾತು ಪಕ್ಕಕ್ಕಿರಲಿ. ಸಣ್ಣ ಊರಿನಲ್ಲಿ ಯಾರ ಸಾಲ ಎಷ್ಟು, ಯಾರ ಚಿನ್ನ ಎಲ್ಲಿದೆ ಎಂಬುದು ಹೊರಗೆ ಹೋದರೆ ಒಂದು ಮನೆಯ ಮರ್ಯಾದೆಯ ಪ್ರಶ್ನೆ. ನಮ್ಮನ್ನು ನಂಬಿ ಕೊಟ್ಟ ಮಾಹಿತಿ ಅದು.

ಆದ್ದರಿಂದ ವಿಶ್ಲೇಷಣೆಗೆ ಬಳಸುವ ಫೈಲಿನಿಂದ ಹೆಸರು, ಮೊಬೈಲ್, ಆಧಾರ್, ವಿಳಾಸ ತೆಗೆದು ಸದಸ್ಯತ್ವ ಸಂಖ್ಯೆ ಮಾತ್ರ ಉಳಿಸಿ. ಸುಸ್ತಿದಾರರ ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ, ನಿರ್ದೇಶಕರ ಗುಂಪಿಗೂ ಬೇಡ. ಫೈಲಿಗೆ ಪಾಸ್‌ವರ್ಡ್ ಇಡಿ, ಅದನ್ನು ಮಾನಿಟರಿನ ಮೇಲೆ ಚೀಟಿ ಅಂಟಿಸಿ ಬರೆಯಬೇಡಿ. ಕೆಲಸ ಬಿಟ್ಟು ಹೋದವರ ಲಾಗಿನ್ ಅಂದೇ ಮುಚ್ಚಿ. ಹೊರಗಿನವರಿಂದ ಲೆಕ್ಕ ಮಾಡಿಸುವುದಾದರೆ, ಕೆಲಸ ಮುಗಿದ ಮೇಲೆ ಫೈಲ್ ಅಳಿಸುತ್ತೇವೆ ಎಂದು ಅವರಿಂದ ಬರೆಸಿಕೊಂಡ ನಂತರವೇ ಫೈಲ್ ಕಳಿಸಿ.